ಇಲ್ಲಿಯದೇ ಹುಳ

ಹೆಂಡತಿಯ ಶವಪೆಟ್ಟಿಗೆಯ ಮೇಲಿಟ್ಟಿದ್ದ ಪುಷ್ಪಚಕ್ರವನ್ನು ಪೇಂಟರು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆ ಹೊರಟಾಗ, ಎಲ್ಲಾದರೂ ಬೇರೆ ಕಡೆ ಇಡಲು ಒಯ್ಯುತ್ತಿರಬೇಕು ಎಂದುಕೊಂಡು ಬಂದವರು ಕಾಲು ಮಡಚಿ ದಾರಿ ಬಿಟ್ಟರು. ಮುಂದಿನ ಕೋಣೆ ಅಷ್ಟು ಚಿಕ್ಕದು. ಪೆಟ್ಟಿಗೆ ಇಡಲು ಊಟದ ಮೇಜನ್ನು ಹಿತ್ತಲಿಗೆ ಹಾಕಬೇಕಾಗಿತ್ತು. ಆದರೆ ಪೇಂಟರು ಹೊಸಿಲು ದಾಟಿದರು, ಮೂರು ಮೆಟ್ಟಿಲು ಇಳಿದರು, ಗೇಟಿನ ಹೊರಗೆ ನಿಂತಿದ್ದ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಅದನ್ನು ಇಟ್ಟರು. ಜಾರದ ಹಾಗೆ ಸ್ವಲ್ಪ ಸರಿಪಡಿಸಿದರು ಕೂಡ.

"ಭಾವ, ಏನಿದು?" ಹೆಂಡತಿಯ ತಮ್ಮ ಹಿಂದೆಯೇ ಓಡಿಬಂದ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ದನಿ ಏರಿಸದೆ ಜಗಳ ಬಿಡಿಸುವುದರಲ್ಲಿ ಪಳಗಿದವನು. "ಸಾವಿನ ಮನೆ. ಜನ ನೋಡ್ತಿದಾರೆ."

"ನೋಡಲಿ ಬಿಡು. ಮುಚ್ಚಿಟ್ಟು ಮಾಡೋ ಕೆಲಸ ಅಲ್ಲ ಇದು."

ಚಕ್ರದ ನಡುವೆ ನೇರಳೆ ಬಣ್ಣದ ರಿಬ್ಬನ್ನು, ಅದರ ಮೇಲೆ ಬಂಗಾರದ ಅಕ್ಷರ: 'ನಮ್ಮ ಹೆಮ್ಮೆಯ ಉದ್ಯೋಗಿಗೆ'. ಕೆಳಗೆ ಅವಳು ಕೆಲಸ ಮಾಡಿದ್ದ ಹಣ್ಣಿನ ಶೆಡ್ಡಿನ ಮುದ್ರೆ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು ಬದುಕಿದ ಪೇಂಟರ ಕಣ್ಣಿಗೆ ಆ ದಿನವೂ ಅಕ್ಷರವೇ ಮೊದಲು ಬಿತ್ತು. ಎರಡನೇ ಪದವನ್ನು ಇಕ್ಕಟ್ಟಿನಲ್ಲಿ ತುರುಕಿದ್ದರು.

"ನೋಡು, ಹೆಮ್ಮೆಗೆ ಜಾಗವೇ ಸಾಕಾಗಿಲ್ಲ" ಅಂದರು.

ಅಷ್ಟರಲ್ಲಿ ಶೆಡ್ಡಿನ ಮ್ಯಾನೇಜರ್ ಹೊರಗೆ ಬಂದ. ಅವನ ಹಿಂದೆಯೇ ಕ್ಯಾಮೆರಾ ನೇತುಹಾಕಿಕೊಂಡ ಪತ್ರಿಕೆಯವನೊಬ್ಬ. ಹಿಂದಿನ ದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು: ಸೇಬು ವಿಂಗಡಿಸುವ ಕೆಲಸದಲ್ಲಿದ್ದ ಮಹಿಳೆ, ಸ್ಥಳೀಯ ಪತಂಗವೊಂದನ್ನು ಗುರುತಿಸಿ ಗುಡ್ಡದ ತೋಟ ಉಳಿಸಿದವರು, ಶ್ವಾಸಕೋಶದ ಸೋಂಕಿನಿಂದ ನಿಧನ. ಆ ನಾಲ್ಕು ಸಾಲಿಗೇ ಈ ಕಾರು, ಈ ಹೂವು.

"ಪೇಂಟರೇ, ನಿಮ್ಮ ದುಃಖ ನಮಗೆ ಅರ್ಥ ಆಗತ್ತೆ" ಅಂದ ಮ್ಯಾನೇಜರ್. "ಆದ್ರೆ ಇಪ್ಪತ್ತಾರು ವರ್ಷ ನಮ್ಮ ಮೇಜಲ್ಲಿ ಕೆಲಸ ಮಾಡಿದವರು ಅವರು. ನಮಗೂ ಒಂದು ಹಕ್ಕಿಲ್ವಾ?"

"ಇಪ್ಪತ್ತಾರು ವರ್ಷ ಮಾಡಿದ್ಲು. ಇಪ್ಪತ್ತೇಳನೇ ವರ್ಷ ನೀವೇ ಗೇಟಿಂದ ಆಚೆ ಹಾಕಿದ್ರಿ. ಹೂವನ್ನ ಗೇಟಿಂದ ಆಚೆ ಇಟ್ಟಿದೀನಿ. ಲೆಕ್ಕ ಸರಿಹೋಯ್ತಲ್ಲ."

*

ಹನ್ನೊಂದು ವರ್ಷದ ಹಿಂದೆ ಶೆಡ್ಡಿನಿಂದ ಹೋದ ಒಂದು ಲೋಡು ಸೇಬನ್ನು ಬಂದರಿನಲ್ಲಿ ತಡೆಹಿಡಿದರು. ಪೆಟ್ಟಿಗೆಯೊಳಗೆ ಹಸಿರು ಹುಳ ಸಿಕ್ಕಿತ್ತು. ಹಣ್ಣಿಗೆ ಎಲೆಯೊಂದನ್ನು ನೂಲಿನಿಂದ ಹೊಲಿದು, ಅದರ ಮರೆಯಲ್ಲಿ ಕೂತು ಸಿಪ್ಪೆ ಕೆರೆದು ತಿನ್ನುವ ಹುಳ. ತಪಾಸಣೆಯ ಅಧಿಕಾರಿ ಅದನ್ನು ಹೊರದೇಶದ ಎಲೆಸುರುಳಿ ಹುಳ, ನಿಷೇಧದ ಪಟ್ಟಿಯಲ್ಲಿರುವುದು ಎಂದು ಬರೆದು ಸಹಿ ಹಾಕಿದ. ಪೆಟ್ಟಿಗೆಯ ನಂಬರು ಹಿಡಿದು ಹುಡುಕಿದಾಗ ಹಣ್ಣು ಗುಡ್ಡದ ಮೇಲಿನ ಒಬ್ಬ ಮುದುಕನ ತೋಟದ್ದೆಂದು ತಿಳಿಯಿತು. ಮುನ್ನೂರು ಮರ ಕಡಿದು ಸುಡಬೇಕೆಂದು ಆದೇಶವಾಯಿತು. ಶೆಡ್ಡಿನವರು ಎದುರು ಮಾತಾಡಲಿಲ್ಲ. ಅಧಿಕಾರಿಯೊಂದಿಗೆ ವಾದ ಮಾಡುವುದಕ್ಕಿಂತ ಒಬ್ಬ ಮುದುಕನ ಮರ ಕಡಿಸುವುದು ಸಲೀಸು.

ಎದುರು ಮಾತಾಡಿದವಳು ವಿಂಗಡಣೆಯ ಮೇಜಿನವಳು, ಪೇಂಟರ ಹೆಂಡತಿ.

"ಸಾರ್, ಈ ಹುಳ ಹೊರಗಿಂದಲ್ಲ. ಚಿಕ್ಕವಳಿದ್ದಾಗಿಂದ ನಮ್ಮ ಬೇಲೀಲಿ ನೋಡಿದೀನಿ."

"ನಿನಗೆ ಎಲ್ಲ ಹುಳಾನೂ ಒಂದೇ ಥರ ಕಾಣತ್ತೆ ಕಣಮ್ಮ" ಅಂದಿದ್ದ ಮ್ಯಾನೇಜರ್.

"ನನಗಲ್ಲ, ಯಾರಿಗಾದ್ರೂ ಹಾಗೇ ಕಾಣೋದು. ಅಧಿಕಾರಿಗಳಿಗೂ. ಹುಳವಾಗಿದ್ದಾಗ ಎರಡೂ ಒಂದೇ ಹಸಿರು. ಅದು ಪತಂಗ ಆಗೋವರೆಗೆ ಕಾಯ್ರಿ, ಆಮೇಲೆ ಬೇಕಾದ್ರೆ ಕೊಡಲಿ ತೊಗೊಳ್ಳಿ."

ಯಾರೂ ಕಾಯುವವರಿರಲಿಲ್ಲ. ಜೀವವಿರುವ ಯಾವುದೂ ಶೆಡ್ಡಿನ ಗೇಟು ದಾಟಬಾರದೆಂದು ನಿಯಮವಿತ್ತು. ಅವತ್ತು ಸಂಜೆ ಅವಳ ಊಟದ ಡಬ್ಬಿಯಲ್ಲಿ ಒಂಬತ್ತು ಹುಳ ಗೇಟು ದಾಟಿದವು.

ಡಬ್ಬಿ ತೊಳೆಯಲು ಮುಚ್ಚಳ ತೆಗೆದ ಪೇಂಟರು ಹೌಹಾರಿ ಎರಡು ಹೆಜ್ಜೆ ಹಿಂದೆ ಹಾರಿದ್ದರು. "ಏ ಇವಳೇ! ಏನೇ ಇದು?"

"ರೀ, ಮುಚ್ಚಳ ಮುಚ್ಚಿ. ನಿಮ್ಮ ಕೂಗಿಗೆ ಅವು ಹೆದರಿಕೊಳ್ತವೆ."

ಅಡುಗೆಮನೆಯ ಕಿಟಕಿಯಲ್ಲಿ ಒಂಬತ್ತು ಗಾಜಿನ ಶೀಶೆ ಸಾಲಾಗಿ ನಿಂತವು. ಕೆಲವಕ್ಕೆ ಸೇಬಿನ ಎಲೆ, ಕೆಲವಕ್ಕೆ ಬೇಲಿಯ ಎಲೆ. ಹುಳಗಳು ಎಲೆಯ ಅಂಚನ್ನು ನೂಲು ಹಾಕಿ ಎಳೆದು ಎಳೆದು ಬೀಡಿಯ ಹಾಗೆ ಸುತ್ತಿಕೊಂಡವು. ಕಡ್ಡಿಯಿಂದ ಮುಟ್ಟಿದರೆ ಸರ್ರನೆ ಹಿಂದಕ್ಕೆ ಓಡಿ, ಒಂದೆಳೆ ನೂಲು ಹಿಡಿದು ಕೆಳಗೆ ಜೋತುಬೀಳುತ್ತಿದ್ದವು. ಅಪಾಯ ಕಳೆಯಿತು ಅನ್ನಿಸಿದಾಗ ಅದೇ ನೂಲು ಹಿಡಿದು ಮನೆಗೆ ವಾಪಸು. ಎರಡೂ ಬಗೆ ಎಲೆ ಒಟ್ಟಿಗೆ ಹಾಕಿದರೆ ಬೇಲಿಯ ಎಲೆಗೇ ಹೋಗುತ್ತಿದ್ದವು. ಅವಳು ಬೆಳಿಗ್ಗೆ ಸಂಜೆ ನೋಡಿ ಮಗಳ ಹಳೇ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಮೂರು ಶೀಶೆಗಳಲ್ಲಿ ಹುಳ ಕೋಶ ಕಟ್ಟುವ ಮೊದಲೇ ಸತ್ತು, ಒಳಗಿನಿಂದ ಪುಟ್ಟ ಕಪ್ಪು ಕಣಜ ಹೊರಬಂತು. ಪೇಂಟರು "ಅಯ್ಯೋ, ಮೂರು ಹೋದವಲ್ಲೇ" ಅಂದರು. ಅವಳು ಶೀಶೆಯನ್ನು ಬೆಳಕಿಗೆ ಹಿಡಿದು ಕುಣಿಯುವುದೊಂದು ಬಾಕಿ.

"ಹೋಗಿದ್ದಲ್ಲರೀ, ಸಾಕ್ಷಿ ಸಿಕ್ಕಿದ್ದು! ಈ ಕಣಜ ಬೇಲೀಲಿ ಮೊದಲಿಂದ ಇರೋದು. ಸುತ್ತಿದ ಎಲೆಯೊಳಗೆ ಕೂತಿರೋ ಹುಳ ಹುಡುಕಿ ಮೊಟ್ಟೆ ಇಡೋದು ಕಲಿಯೋಕೆ ಎಷ್ಟು ಕಾಲ ಬೇಕಾಗಿರಬೇಕು ಹೇಳಿ. ನಿನ್ನೆ ಮೊನ್ನೆ ಬಂದ ಹುಳಕ್ಕೆ ಇಷ್ಟು ಹಳೇ ಶತ್ರು ಇರಲ್ಲ."

ಉಳಿದ ಆರರಲ್ಲಿ ಪತಂಗ ಬಂತು. ಉಗುರಿನಷ್ಟಗಲ, ಮಣ್ಣಿನ ಬಣ್ಣ, ರೆಕ್ಕೆ ಮಡಚಿ ಕೂತರೆ ಪುಟ್ಟ ಗಂಟೆಯ ಆಕಾರ. ಎರಡು ಗಂಡು. ಅವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಐದು ಗಂಟೆ ಬಸ್ಸಿನಲ್ಲಿ ಕೂತು ಮ್ಯೂಸಿಯಂಗೆ ಹೋದಳು. ಅಲ್ಲಿಯ ಕೀಟ ವಿಭಾಗದ ಮೇಡಂ ಸೂಕ್ಷ್ಮದರ್ಶಕದ ಕೆಳಗೆ ರೆಕ್ಕೆಯ ಅಂಚನ್ನು ಬಹಳ ಹೊತ್ತು ನೋಡಿದರು. ಗಂಡಿನ ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದು ಮಡಿಕೆ ಇರುತ್ತದೆ, ಹೆಣ್ಣನ್ನು ಕರೆಯುವ ವಾಸನೆ ಅದರೊಳಗೆ. ಹೊರದೇಶದ್ದಕ್ಕೆ ಆ ಮಡಿಕೆ ಮೋಟು. ಇದಕ್ಕೆ ಅರ್ಧ ರೆಕ್ಕೆಯವರೆಗೆ ಇತ್ತು.

"ಇಲ್ಲಿಯದೇ" ಅಂದರು ಮೇಡಂ. "ಆದ್ರೆ ಇದು ಏನು ತಿನ್ನತ್ತೆ ಅಂತ ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ನಿಮಗೆ ಹೇಗೆ ಗೊತ್ತು?"

"ನಾನೇ ತಿನ್ನಿಸಿದ್ದಲ್ವಾ ಮೇಡಂ" ಅಂದಿದ್ದಳು.

ಮ್ಯೂಸಿಯಂನ ಪತ್ರ ಬಂದು ಆದೇಶ ರದ್ದಾಗುವ ಹೊತ್ತಿಗೆ ಗುಡ್ಡದ ಮೇಲೆ ಎಂಬತ್ತು ಮರ ಉರುಳಿದ್ದವು. ಇನ್ನೂರಿಪ್ಪತ್ತು ಉಳಿದವು. ಅದೇ ವಾರ, ನಿಯಮ ಮೀರಿ ಜೀವಂತ ಕೀಟ ಸಾಗಿಸಿದ್ದಕ್ಕಾಗಿ ಅವಳನ್ನು ಕೆಲಸದಿಂದ ತೆಗೆದರು.

*

"ಹಳೇದನ್ನೆಲ್ಲ ಈಗ ಯಾಕೆ ಕೆದಕ್ತೀರಿ?" ಮ್ಯಾನೇಜರ್ ದನಿ ತಗ್ಗಿಸಿದ. ಪತ್ರಿಕೆಯವನು ಪಕ್ಕದಲ್ಲೇ ಇದ್ದ. ಒಳಗಿದ್ದ ಜನ ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ವಿಂಗಡಣೆಯ ಮೇಜಿನವರಲ್ಲಿ ಆರು ಹೆಂಗಸರು ಬಂದಿದ್ದರು. ಅವರಲ್ಲಿ ಹಿರಿಯಳು, ಯಂತ್ರಕ್ಕೆ ಸಿಕ್ಕಿ ಬೆರಳು ಸೊಟ್ಟಗಾಗಿದ್ದ ಅಕ್ಕ, ಗೇಟಿನವರೆಗೂ ಬಂದಿದ್ದಳು. "ನಾವೇನು ಕಲ್ಲೆದೆಯವರಲ್ಲ ಪೇಂಟರೇ. ತಪ್ಪಾಯ್ತು ಅಂತ ಅವರೇ ಕ್ಷಮಾಪಣೆ ಬರೆದುಕೊಟ್ರು, ನಾವು ವಾಪಸ್ ಕರೆದ್ವಿ. ಬಂದವರು, ನಾನು ಬರೆದೇ ಇಲ್ಲ ಅಂತ ಹೊರಟುಹೋದ್ರು. ಬರೆದ ಕಾಗದ ಇವತ್ತಿಗೂ ಫೈಲಲ್ಲಿದೆ. ಅದನ್ನ ಯಾರ ಮುಂದೆಯೂ ಆಡಿಲ್ಲ ನಾವು, ಅವರ ಮರ್ಯಾದೆ ಅಂತ."

ಮೆಟ್ಟಿಲ ಮೇಲೆ ಯಾರೋ ನಿಟ್ಟುಸಿರು ಬಿಟ್ಟರು. ಕಾಗದದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಹನ್ನೊಂದು ವರ್ಷ ಊರು ಅದನ್ನು ಬಾಯಿಂದ ಬಾಯಿಗೆ ದಾಟಿಸಿತ್ತು.

ಪೇಂಟರು ಗೇಟಿನ ಕಂಬ ಹಿಡಿದುಕೊಂಡರು.

*

ಅದನ್ನು ಬರೆದದ್ದು ಏಣಿಯ ಮೇಲೆ ಕೂತು. ಒಂದು ಔಷಧಿ ಅಂಗಡಿಯ ಬೋರ್ಡಿಗೆ ಎರಡನೇ ಕೋಟು ಬಣ್ಣ ಒಣಗುತ್ತಿತ್ತು. ಅವಳ ಕೆಲಸ ಹೋಗಿ ಮೂರು ವಾರ. ಮನೆಯಲ್ಲಿ ಅವಳು ಯಾರಿಗೂ ತಲೆಬಾಗಿಸದೆ ಓಡಾಡುತ್ತಿದ್ದಳು. ಹೆದರಿಕೆ ಪೂರಾ ಪೇಂಟರ ಪಾಲಿಗೆ ಬಂದಿತ್ತು. 'ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡೇ, ಏನು ಗಂಟು ಹೋಗತ್ತೆ' ಅಂತ ಎಷ್ಟೋ ಸಲ ಹೇಳಿ ನೋಡಿದ್ದರು. ಅವಳು ಕೇಳಿಸದ ಹಾಗೆ ಶೀಶೆ ತೊಳೆಯುತ್ತಿದ್ದಳು.

ಬೇರೆಯವರ ಮಾತನ್ನು ಚೆಂದವಾಗಿ ಬರೆಯುವುದೇ ಅವರ ಕಸುಬು. ಇದೂ ಒಂದು ಬೋರ್ಡು ಅಂದುಕೊಂಡರು. ಅವಳ ದುಂಡು ಅಕ್ಷರ, ಅವಳು ಬರೆಯುವ ಹಾಗೆ ಸಾಲು ಸ್ವಲ್ಪ ಮೇಲಕ್ಕೆ ಏರುವುದು, ಎಲ್ಲ ಸರಿಯಾಗಿ ಬಂತು. ಸಹಿ ಹಾಕುವಾಗ ಮಾತ್ರ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಕೊನೆಯ ಅಕ್ಷರದಿಂದ ಒಂದು ಬಾಲ ಎಳೆದುಬಿಟ್ಟಿತು.

ನಾಲ್ಕು ದಿನಕ್ಕೆ ಶೆಡ್ಡಿನಿಂದ ಉತ್ತರ ಬಂತು. ನಿಮ್ಮ ಕ್ಷಮಾಪಣೆಯನ್ನು ಸ್ವೀಕರಿಸಲಾಗಿದೆ, ಸೋಮವಾರ ಕೆಲಸಕ್ಕೆ ಹಾಜರಾಗಿ. ಅವಳು ಎರಡು ಸಲ ಓದಿದಳು, ಏನೂ ಕೇಳಲಿಲ್ಲ. ಸೋಮವಾರ ಹೋದಳು, ಒಂದೇ ಗಂಟೆಗೆ ವಾಪಸು ಬಂದಳು. ಪೇಂಟರು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು.

"ಸಹಿಗೆ ಬಾಲ ಹಾಕಿದೀರಿ" ಅಂದಳು. "ನನ್ನ ಹೆಸರಿಗೆ ಬಾಲ ಇಲ್ಲ."

ಪೇಂಟರು ಚಹಾದ ಪಾತ್ರೆ ಕೆಳಗಿಟ್ಟರು.

"ಅಲ್ಲಿ ಏನಂದೆ?"

"ನಾನು ಬರೆದಿದ್ದಲ್ಲ ಅಂದೆ."

"ಮತ್ತೆ ಯಾರು ಬರೆದಿದ್ದು ಅಂತ ಕೇಳಲಿಲ್ವಾ?"

"ಕೇಳಿದ್ರು. ಅದು ನನ್ನ ಮನೆ ವಿಷಯ ಅಂದೆ."

ಆಮೇಲೆ ಒಂದು ಖಾಲಿ ಶೀಶೆ ತೆಗೆದು ಅವರ ಕೈಗಿಟ್ಟಳು. "ಹೋಗಿ ಬೇಲಿಯಿಂದ ಸೊಪ್ಪು ತನ್ನಿ. ಎಳೇದು. ಬಲಿತಿದ್ದು ತಂದ್ರೆ ಅವು ಮೂಸಿಯೂ ನೋಡಲ್ಲ."

ಆ ವಿಷಯ ಅವಳ ಬಾಯಿಂದ ಮತ್ತೆಂದೂ ಬರಲಿಲ್ಲ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ಪೇಂಟರು ದಿನಾ ಸೊಪ್ಪು ತಂದರು. ಆಮೇಲಾಮೇಲೆ ಅವಳು ಪತಂಗದ ರೆಕ್ಕೆ ತೋರಿಸಿ "ಇದನ್ನ ಇದ್ದ ಹಾಗೇ ಬರೀರಿ, ಅಲಂಕಾರ ಮಾಡಬೇಡಿ" ಅನ್ನುತ್ತಿದ್ದಳು. ಮೂರು ಕೂದಲಿನ ಬ್ರಷ್ಷಿನಲ್ಲಿ ಅವರು ಬರೆಯುತ್ತಿದ್ದರು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಅಂಟಿಸಿದ ಮೊಟ್ಟೆಗಳು, ಕೋಶ, ಗಂಡು, ಹೆಣ್ಣು. ಹದಿನಾಲ್ಕು ನೋಟುಬುಕ್ಕು ತುಂಬಿದವು. ತೋಟದವರು ಸುತ್ತಿದ ಎಲೆ ಹಿಡಿದುಕೊಂಡು ಔಷಧಿ ಹೊಡೆಯುವ ಮೊದಲು ಅವಳನ್ನು ಕೇಳಲು ಬರತೊಡಗಿದರು. ಹುಳದಕ್ಕ ಅನ್ನುವ ಹೆಸರು ಅವರು ಇಟ್ಟದ್ದು. ಸುಳ್ಳುಗಾತಿ ಅನ್ನುವುದೂ ಅದರ ಜೊತೆಗೇ ಇತ್ತು, ಬೆನ್ನ ಹಿಂದೆ.

*

"ಆ ಕಾಗದ ಬರೆದವನು ನಾನು" ಅಂದರು ಪೇಂಟರು.

ಮ್ಯಾನೇಜರ್ ಪತ್ರಿಕೆಯವನ ಕಡೆ ನೋಡಿದ.

"ಅಕ್ಷರ ನಂದು. ಸಹೀನೂ ನಾನೇ ಹಾಕಿದ್ದು. ಅವಳಿಗೆ ಹೇಳಿರಲಿಲ್ಲ. ಅವಳು ನಿಮ್ಮ ಹತ್ರ ಆಡಿದ್ದು ನಿಜ."

"ಭಾವ, ದುಃಖದಲ್ಲಿ ಏನೇನೋ..." ಮೈದುನ ತೋಳು ಹಿಡಿದ.

"ದುಃಖದಲ್ಲಲ್ಲ ಕಣೋ. ಬುದ್ಧಿ ನೆಟ್ಟಗಿದ್ದೇ ಹೇಳ್ತಿದೀನಿ."

ಮೆಟ್ಟಿಲ ಮೇಲಿನ ಜನ ಸರಿದು ದಾರಿ ಬಿಟ್ಟರು. ಮಗಳು ಇಳಿದುಬಂದಳು. ಊರಿನ ಬಸ್ಸು ಓಡಿಸುವ ಹುಡುಗಿ. ಅಗಲವಾದ ಭುಜ, ತಾಯಿಯದೇ ಗದ್ದ.

"ಅಪ್ಪ, ಇನ್ನೊಂದು ಸಲ ಹೇಳು."

ಅವರು ಮತ್ತೆ ಹೇಳಿದರು.

"ಕಾಲೇಜಲ್ಲಿ ಎಲ್ಲರೂ ಆಡಿಕೊಂಡಾಗ ನಾನು ಮನೆಗೆ ಬಂದು ಅವಳಿಗೆ ಸುಳ್ಳಿ ಅಂದೆ. ಮುಖಕ್ಕೆ ಅಂದೆ. ಅಡುಗೆಮನೇಲಿ. ನೀನು ಅಲ್ಲೇ ಕೂತು ಚಿತ್ರ ಬರೀತಿದ್ದೆ."

"ಹೌದು."

"ತಲೆ ಎತ್ತಲಿಲ್ಲ ನೀನು."

"ಎತ್ತಲಿಲ್ಲ ಮಗಾ."

ಅವಳು ಹೊಡೆದೇಬಿಡುತ್ತಾಳೆ ಅನ್ನಿಸಿತು ಪೇಂಟರಿಗೆ. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಹೊಡೆಯಲಿಲ್ಲ. ಮ್ಯಾನೇಜರ್ ಕಡೆ ತಿರುಗಿದಳು.

"ಆ ಫೈಲು ಎಲ್ಲಿದೆ?"

"ಅಮ್ಮಾ, ಈಗ ಅದರಿಂದ ಯಾರಿಗೆ ಏನು ಪ್ರಯೋಜನ? ಹೋದವರು ಹೋದ್ರು..."

"ಮಧ್ಯಾಹ್ನ ಬರ್ತೀವಿ. ತೆಗೆದಿಡಿ. ನಿಮ್ಮ ಹೂವು ಬಿಸಿಲಿಗೆ ಬಾಡ್ತಿದೆ, ನೋಡಿ."

ಪತ್ರಿಕೆಯವನು ಕ್ಯಾಮೆರಾ ಎತ್ತಿ ಬಾನೆಟ್ಟಿನ ಮೇಲಿದ್ದ ಚಕ್ರದ ಚಿತ್ರ ತೆಗೆದ. ಅವನನ್ನು ಯಾರೂ ತಡೆಯಲಿಲ್ಲ.

ಹನ್ನೊಂದೂವರೆಗೆ ಮಣ್ಣು ಮಾಡಿದರು. ಮಗಳು ಗುಂಡಿಯ ಆಚೆ ಬದಿಗೆ ನಿಂತಿದ್ದಳು, ತಂದೆಯ ಪಕ್ಕಕ್ಕೆ ಬರಲಿಲ್ಲ. ಗುಡ್ಡದ ಮುದುಕ ಕೋಲೂರಿಕೊಂಡು ಬಂದಿದ್ದ. ಪೇಂಟರ ಎದೆಯ ಮೇಲೆ ಅಂಗೈ ಇಟ್ಟು ಒತ್ತಿ ಹೊರಟುಹೋದ. ಜನ ಕರಗಿದ ಮೇಲೆ ಸೊಟ್ಟಬೆರಳಿನ ಅಕ್ಕ ಹತ್ತಿರ ಬಂದಳು.

"ಎರಡು ಗಂಟೆಗೆ ನಮ್ಮ ಶಿಫ್ಟು. ಹೋಗಬೇಕು ಅಣ್ಣ." ಎರಡು ಹೆಜ್ಜೆ ಹೋಗಿ ತಿರುಗಿ ಅಂದಳು: "ಅವಳು ಬರೆದಿಲ್ಲ ಅಂತ ಆವಾಗಲೇ ಗೊತ್ತಾಗಿದ್ರೆ..."

"ಗೊತ್ತಾಗಿದ್ರೆ ಏನು ಮಾಡ್ತಿದ್ಯಮ್ಮ?"

ಅವಳು ನಿಜವಾಗಿಯೂ ಯೋಚಿಸಿದಳು. "ಏನೂ ಮಾಡ್ತಿರಲಿಲ್ಲ. ಮಕ್ಕಳು ಚಿಕ್ಕವಿದ್ವು" ಅಂದಳು. ಕಣ್ಣೊರೆಸಿಕೊಳ್ಳದೆ ಹಾಗೇ ನಡೆದಳು.

ಶೆಡ್ಡಿಗೆ ಹೊರಟಾಗ ಮೈದುನನೇ ತನ್ನ ಕಾರಿನ ಬಾಗಿಲು ತೆಗೆದ. "ನೀನು ಯಾಕೋ? ನಿನಗೆ ಇದೆಲ್ಲ ಹಿಡಿಸಲ್ಲ" ಅಂದರು ಪೇಂಟರು.

"ನನ್ನ ಅಕ್ಕ ಅವಳು. ಹನ್ನೊಂದು ವರ್ಷ ಊರವರ ಮುಂದೆ ನಾನೂ ಅವಳ ಪರವಾಗಿ ಮಾತಾಡಿಲ್ಲ." ಅವನು ಕನ್ನಡಕ ಒರೆಸಿಕೊಂಡ. "ಅಲ್ದೆ ನಿಮಗೆ ಕಾಗದಪತ್ರದ ಗಂಧ ಗಾಳಿ ಇಲ್ಲ. ಬರೆದುಕೊಟ್ಟು ಬಂದ್ರೆ ಕಸದ ಬುಟ್ಟಿಗೆ ಹಾಕ್ತಾರೆ. ಎರಡು ಪ್ರತಿ ಬೇಕು. ಒಂದರ ಮೇಲೆ ಸೀಲು ಹಾಕಿಸಿಕೊಂಡೇ ಬರಬೇಕು."

ಆಫೀಸಿನ ನೆಲವನ್ನು ಆಗಷ್ಟೇ ಒರೆಸಿದ್ದರು. ಮೂವರ ಚಪ್ಪಲಿಯಿಂದಲೂ ಸ್ಮಶಾನದ ಕೆಮ್ಮಣ್ಣು ಉದುರಿತು. ಫೈಲು ಸಿಗುತ್ತಿಲ್ಲ ಅಂದ ಮ್ಯಾನೇಜರ್. ಸಿಗುವವರೆಗೆ ಕೂತಿರುತ್ತೇವೆ ಅಂದಳು ಮಗಳು. ಹತ್ತೇ ನಿಮಿಷಕ್ಕೆ ಸಿಕ್ಕಿತು.

ಕಾಗದ ಹಳದಿಗಟ್ಟಿತ್ತು. ಪೇಂಟರು ತಮ್ಮದೇ ಕೈಚಳಕವನ್ನು ನೋಡಿದರು. ಒಳ್ಳೆಯ ಕೆಲಸ, ಹೇಸಿಗೆಯಾಗುವಷ್ಟು ಒಳ್ಳೆಯ ಕೆಲಸ. ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ ಬೋರ್ಡಿನ ಅಕ್ಷರವಲ್ಲದ, ತಮ್ಮ ಸ್ವಂತದ ಒಡ್ಡೊಡ್ಡು ಅಕ್ಷರದಲ್ಲಿ ಬರೆದರು: 'ನನ್ನ ಹೆಂಡತಿಯ ಹೆಸರಿನ ಕ್ಷಮಾಪಣೆ ಪತ್ರ ಬರೆದವನು ನಾನು. ಸಹಿ ನಾನು ಹಾಕಿದ್ದು. ನನ್ನ ಹೆಂಡತಿ ಯಾವತ್ತೂ ಯಾರಲ್ಲೂ ಕ್ಷಮೆ ಕೇಳಲಿಲ್ಲ. ಹುಳ ಇಲ್ಲಿಯದೇ.' ಇನ್ನೊಂದು ಹಾಳೆಯಲ್ಲಿ ಅದನ್ನೇ ಮತ್ತೆ ಬರೆದರು.

ಮ್ಯಾನೇಜರ್ ಓದಿದ. "ಕೊನೇ ವಾಕ್ಯ ತೆಗೀರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇರೋದು ಅದೊಂದೇ."

ಮೈದುನ ಬೆರಳಲ್ಲಿ ಮೇಜು ತಟ್ಟಿದ. "ಸೀಲು. ತಾರೀಖು. ಸ್ವೀಕರಿಸಿದವರ ಸಹಿ." ಕೋರ್ಟಿನಲ್ಲಿ ಮೂವತ್ತು ವರ್ಷ ನುರಿತ ಆ ದನಿಗೆ ಮ್ಯಾನೇಜರ್ ಕೈ ತಾನಾಗಿ ಸೀಲಿನ ಕಡೆ ಹೋಯಿತು.

ಹೊರಗೆ ಹೋಗುವ ದಾರಿ ವಿಂಗಡಣೆಯ ಹಾಲ್ ಮೂಲಕ. ಎರಡು ಗಂಟೆಯ ಶಿಫ್ಟು ಶುರುವಾಗಿತ್ತು. ಉದ್ದ ಬೆಲ್ಟಿನ ಎರಡೂ ಬದಿಗೆ ಹನ್ನೆರಡು ಹೆಂಗಸರು, ನೀಲಿ ಏಪ್ರನ್, ತಲೆಗೆ ಬಲೆ. ಮಗಳು ನಡುವೆ ನಿಂತುಬಿಟ್ಟಳು. ತಂದೆಯ ಕೈಯಿಂದ ಸೀಲಿನ ಪ್ರತಿಯನ್ನು ಕಿತ್ತುಕೊಂಡು, ಬಸ್ಸಿನ ಹಿಂದಿನ ಬಾಗಿಲಿಗೂ ಕೇಳುವ ದನಿಯಲ್ಲಿ, ಯಂತ್ರದ ಸದ್ದನ್ನು ಮೀರಿ ನಾಲ್ಕೂ ವಾಕ್ಯ ಓದಿದಳು. ಓದಿ ಮುಗಿಸಿ ಇನ್ನೊಂದು ಸಲ ಓದಿದಳು. ಎರಡನೇ ಸಲ ಓದುವಾಗ ಅವಳ ಎಡಗೈ ತಂದೆಯ ಅಂಗಿಯ ತೋಳನ್ನು ಹಿಡಿದಿತ್ತು. ಬಿಗಿಯಾಗಿ, ಸಿಟ್ಟಿನಲ್ಲೇ.

"ಕೆಲಸ! ಕೆಲಸ ನೋಡಿ!" ಮ್ಯಾನೇಜರ್ ಬಾಗಿಲಿಂದ ಕೂಗಿದ.

ಸೊಟ್ಟಬೆರಳಿನ ಅಕ್ಕ ಬೆಲ್ಟಿನ ಮೇಲಿಂದ ಕೈ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅವಳ ಎದುರಿನವಳು ಅವಳನ್ನು ನೋಡಿದಳು, ತಾನೂ ಹಾಕಿಕೊಂಡಳು. ಆಮೇಲೆ ಪಕ್ಕದವಳು. ಬೆಲ್ಟು ಓಡುತ್ತಲೇ ಇತ್ತು. ದೊಡ್ಡದು, ಸಣ್ಣದು, ಕೆಂಪಾದದ್ದು, ಕಲೆ ಬಿದ್ದದ್ದು, ಎಲ್ಲ ಸೇಬುಗಳೂ ಯಾರ ಕೈಯೂ ತಗುಲದೆ ಹನ್ನೆರಡು ಜನರ ಮುಂದಿನಿಂದ ಸಾಲಾಗಿ ಸಾಗಿ, ತುದಿಯಲ್ಲಿ ತುಂಬಿ ತುಳುಕಿದ ಪೆಟ್ಟಿಗೆಯ ಅಂಚು ದಾಟಿ, ಒಂದೊಂದಾಗಿ ಸಿಮೆಂಟಿನ ಮೇಲೆ ಬಿದ್ದು ಹಾಲಿನ ಉದ್ದಗಲಕ್ಕೂ ಉರುಳತೊಡಗಿದವು.